ಒಂಬತ್ತನೇ ಸಲ ಕುಲುಮೆ, ಕೊನೆಗೂ 61 ಗ್ರಾಂ ತಾಮ್ರ

ಹಿತ್ತಲ ಕುಲುಮೆಯಲ್ಲಿ ಅದಿರಿನ ಕಲ್ಲು ಕಾಯಿಸಿ ತಾಮ್ರ ತೆಗೆಯುವ ಹುಚ್ಚು ನನ್ನದು. ಮೊದಲೇ ಹೇಳಿಬಿಡುತ್ತೇನೆ, ತಾಮ್ರ ಬಂತು. 61 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ. ದೊಡ್ಡ ಅಡಿಕೆಯನ್ನು ಅರ್ಧಕ್ಕೆ ಸೀಳಿದ ಹಾಗಿದೆ. ಮೇಲೆ ಚಪ್ಪಟೆ, ಕೆಳಗೆ ಮೂಸೆಯ (ಅದಿರು ಕಾಯಿಸುವ ಮಣ್ಣಿನ ಬಟ್ಟಲು) ತಳದ ಗುಂಡು. ಕಿಟ್ಟ, ಅಂದರೆ ಅದಿರಿನ ಕಲ್ಲು ಕರಗಿ ಉಳಿಯುವ ಗಾಜಿನಂಥ ಕಸ, ಬಿಡಿಸಿ ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ದೇವರ ಮನೆಯ ತಂಬಿಗೆಯ ಬಣ್ಣವೇ ಬಂತು. ಆದರೆ ಒಂದು ತಕರಾರು ಉಳಿದಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕುಲುಮೆ ಕಟ್ಟುವುದು, ಊದುವ ಫ್ಯಾನ್ ಕೂರಿಸುವುದು, ಮೂಸೆ ಒಣಗಿಸುವುದು ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ಒಂದೇ ಮಾತು: ಎರೆಮಣ್ಣಿನಲ್ಲಿ ಕುಲುಮೆ ಕಟ್ಟಬೇಡಿ. ನವಲಗುಂದದ ಕಡೆಯಿಂದ ಗೆಳೆಯನೊಬ್ಬ ಎರಡು ಚೀಲ ತಂದುಕೊಟ್ಟ, ಪುಕ್ಕಟೆ ಸಿಕ್ಕಿತೆಂದು ಅದರಲ್ಲೇ ಕಟ್ಟಿದೆ. ಮೂರು ದಿನ ಒಣಗಿದ ಮೇಲೆ ಬಿರುಕಿನಲ್ಲಿ ಬೆರಳು ತೂರಿಸಬಹುದಿತ್ತು. ಆಮೇಲೆ ಧಾರವಾಡದ ಕೆಂಪು ಮಣ್ಣು, ಭತ್ತದ ಹೊಟ್ಟು, ಒಂದಿಷ್ಟು ಮರಳು ಕಲಸಿ ಕಟ್ಟಿದ್ದು ಇವತ್ತಿಗೂ ನಿಂತಿದೆ.

ಈ ಹುಚ್ಚು ಹತ್ತಿದ್ದು ಚಿತ್ರದುರ್ಗದಲ್ಲಿ. ಹೋದ ವರ್ಷ ಮರಡಿಹಳ್ಳಿಯ ದಿಂಬುಗಲ್ಲು ನೋಡಲು ಹೋಗಿದ್ದೆ. ಲಾವಾ ಸಮುದ್ರದ ತಳದಲ್ಲಿ ಉಕ್ಕಿ, ತಣ್ಣೀರು ತಾಗಿ, ಒಂದರ ಮೇಲೊಂದು ದಿಂಬು ಪೇರಿಸಿದ ಹಾಗೆ ಗಟ್ಟಿಯಾದ ಬಂಡೆ. 250 ಕೋಟಿ ವರ್ಷಕ್ಕೂ ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಹಾಗಾಗಿ ಕೈ ಕಟ್ಟಿಕೊಂಡೇ ನೋಡಬೇಕು. ಅದೇ ಚಿತ್ರದುರ್ಗದ ಹತ್ತಿರ ಇಂಗಳದಾಳ್ ಇದೆ. ಗುಡ್ಡದ ಸಾಲಿನಲ್ಲಿ ಒಂದು ಚಿಕ್ಕ ತಾಮ್ರದ ಗಣಿ. ಈಚಿನ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಅದನ್ನು ನಡೆಸಿತ್ತು. ಅದಕ್ಕೂ ಎಷ್ಟೋ ಮುಂಚೆ ಯಾರೋ ಕೈಯಿಂದ ಅಗೆದ ಗುಂಡಿಗಳು ಅಲ್ಲಿವೆ. ಕಂಪನಿಯ ಕಥೆ ನನಗೆ ಅಷ್ಟೇನೂ ರುಚಿಸಲಿಲ್ಲ. ಆ ಹಳೆಯ ಗುಂಡಿಯವರು ತಲೆಯಲ್ಲಿ ಕೂತುಬಿಟ್ಟರು. ಕರೆಂಟಿಲ್ಲ, ಕೆಮಿಕಲ್ ಇಲ್ಲ. ಕಲ್ಲಿಂದ ತಾಮ್ರ ಹೇಗೆ ತೆಗೆದರು?

ಅಂದಹಾಗೆ ಇದು ನಮ್ಮೂರಿಗೂ ಸಂಬಂಧವಿಲ್ಲದ ಕಲ್ಲಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಈ ಜಾತಿಯ ಬಂಡೆಗಳಿಗೆಲ್ಲ 'ಧಾರವಾಡ' ಎಂದೇ ಹೆಸರಿಟ್ಟ. ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಯ ಬಾಯಲ್ಲೂ ನಮ್ಮೂರ ಹೆಸರಿದೆ. ನಾವು ಮಾತ್ರ ಪೇಡೆಯ ಹೆಸರಲ್ಲೇ ಹೆಮ್ಮೆಪಡುತ್ತೇವೆ.

ಇಂಗಳದಾಳ್‌ನ ಆಳದಲ್ಲಿರುವ ಅದಿರು ಮುಖ್ಯವಾಗಿ ಕ್ಯಾಲ್ಕೋಪೈರೈಟ್. ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ ಹಿತ್ತಾಳೆ ಬಣ್ಣದ ಕಲ್ಲು. ಅದನ್ನು ಹುರಿದರೆ ಗಂಧಕದ ಹೊಗೆ ಬರುತ್ತದೆ. ಮನೆಗಳ ನಡುವೆ ಆ ಕೆಲಸ ಮಾಡಿದರೆ ಪೊಲೀಸರಿಗಿಂತ ಮೊದಲು ಪಕ್ಕದ ಮನೆಯವರೇ ಬರುತ್ತಾರೆ. ಮೇಲ್ಮೈಯಲ್ಲಿ ಸಿಗುವುದು ಬೇರೆ. ಸಾವಿರಾರು ವರ್ಷ ಮಳೆನೀರು, ಗಾಳಿ ತಾಗಿ ಆ ಅದಿರು ಕೊಳೆಯುತ್ತದೆ. ತಾಮ್ರ ಕರಗಿ ಕೆಳಗೆ ಜಾರಿ, ಬಿರುಕುಗಳಲ್ಲಿ ಹಸಿರು ಮ್ಯಾಲಕೈಟ್ ಆಗಿ ಕೂರುತ್ತದೆ. ಹಳೆಯ ಕಾಲದವರು ಮೊದಲು ಹಿಡಿದದ್ದು ಬಹಳ ಕಡೆ ಈ ಹಸಿರನ್ನೇ. ಕಣ್ಣಿಗೆ ಕಾಣುತ್ತದೆ, ಗಂಧಕ ಇಲ್ಲ, ಇದ್ದಲಿನ ಜೊತೆ ಕಾಯಿಸಿದರೆ ಸಾಕು. ಲೆಕ್ಕಕ್ಕೆ ಶುದ್ಧ ಮ್ಯಾಲಕೈಟ್‌ನಲ್ಲಿ 57 ಪರ್ಸೆಂಟ್‌ಗೂ ಜಾಸ್ತಿ ತಾಮ್ರ. 'ಕಾಯಿಸಿದರೆ ಸಾಕು' ಅನ್ನುವ ಮಾತನ್ನು ನಂಬಿ ನಾನು ಎಂಟು ತಿಂಗಳು ಕಳೆದೆ.

ಅದಿರಿನ ಕಥೆ ಕೇಳಿ. ಗುಡ್ಡದಿಂದ ಎತ್ತಿಕೊಂಡು ಬರುವ ಪ್ರಶ್ನೆಯೇ ಇಲ್ಲ. ನಮಗೆ ಹತ್ತಿರದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಒಂದು ಕಲ್ಲು ಜೇಬಿಗೆ ಹಾಕಿದರೂ ತಪ್ಪು. ಹಾಗಾಗಿ ಆನ್‌ಲೈನ್ ಅಂಗಡಿ. ಮೊದಲನೆಯವನು ಅರ್ಧ ಕಿಲೋ 'ಒರಿಜಿನಲ್ ಮ್ಯಾಲಕೈಟ್' ಕಳಿಸಿದ. ಎಷ್ಟು ಹಸಿರು ಅಂದರೆ, ಕಾಮನಬಿಲ್ಲಿಗೇ ಸಾಲ ಕೊಡುವಷ್ಟು. ಉಗುರುಬಣ್ಣ ತೆಗೆಯುವ ನೀರಲ್ಲಿ ಹತ್ತಿ ಅದ್ದಿ ಒರೆಸಿದೆ. ಹತ್ತಿ ಹಸಿರಾಯಿತು, ಕಲ್ಲು ಬಿಳಿಯಾಯಿತು. ದುಡ್ಡು ವಾಪಸ್ ಕೇಳಿದ್ದಕ್ಕೆ 'ನ್ಯಾಚುರಲ್ ಸ್ಟೋನ್ ಸರ್, ಕಲರ್ ವೇರಿಯೇಶನ್ ಇರುತ್ತೆ' ಎಂದು ಉತ್ತರ ಬಂತು. ವೇರಿಯೇಶನ್ ಅಂತೆ!

ನೀವು ಕೊಳ್ಳುವುದಾದರೆ ಒಂದು ಪರೀಕ್ಷೆ ಹೇಳುತ್ತೇನೆ. ಚೂರು ಪುಡಿ ಮಾಡಿ ನೀರು ಬೆರೆಸಿದ ಬಾತ್‌ರೂಮ್ ಆಸಿಡ್‌ಗೆ ಹಾಕಿ, ಬಯಲಲ್ಲಿ. ಬುರುಗು ಬಂದರೆ ಖುಷಿಪಡಬೇಡಿ, ಸುಣ್ಣದ ಕಲ್ಲಿಗೂ ಬುರುಗು ಬರುತ್ತದೆ. ಬುರುಗು ನಿಂತ ಮೇಲೆ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದರಲ್ಲಿ ಬಿಡಿ. ಕೆಲವು ನಿಮಿಷದಲ್ಲಿ ಮೊಳೆಗೆ ಕೆಂಪು ತಾಮ್ರದ ಲೇಪ ಕೂತರೆ ಮಾಲು ನಿಜ.

ಎರಡನೆಯವನ ಮಾಲಿಗೆ ಮೊಳೆ ಕೆಂಪಾಯಿತು. ಬೆಣಚುಕಲ್ಲಿನ ಬಿರುಕುಗಳಲ್ಲಿ ಹಸಿರು ಹರಡಿಕೊಂಡ ತುಂಡುಗಳು. ನೋಡಲು ಚೆಂದ. ಆ ಬೆಣಚುಕಲ್ಲೇ ನನ್ನ ಶತ್ರು ಅಂತ ಆಗ ಗೊತ್ತಿರಲಿಲ್ಲ.

ಒಂದನೇ ಸಲದಿಂದ ಆರನೇ ಸಲದವರೆಗೆ ಫಲಿತಾಂಶ ಒಂದೇ. 200 ಗ್ರಾಂ ಅದಿರು, ಇದ್ದಲ ಪುಡಿ, ಮೂಸೆ, ಒಂದೂವರೆ ಗಂಟೆ ಊದುವುದು. ತಣ್ಣಗಾದ ಮೇಲೆ ಮೂಸೆ ಒಡೆದರೆ ಒಳಗೆ ಗಾಜಿನಂಥ ಒಂದು ಮುದ್ದೆ. ಹಿತ್ತಲ ಮೆಟ್ಟಿಲ ಮೇಲೆ ಇಟ್ಟು ಸುತ್ತಿಗೆಯಿಂದ ಒಡೆದು ಭೂತಗನ್ನಡಿ ಹಿಡಿದರೆ ಅಲ್ಲಲ್ಲಿ ತಾಮ್ರದ ಹನಿಗಳು. ಸಾಸಿವೆಯಷ್ಟು, ರಾಗಿಯಷ್ಟು, ಒಂದೆರಡು ಜೋಳದ ಕಾಳಿನಷ್ಟು. ಶೇಂಗಾ ಚಿಕ್ಕಿಯಲ್ಲಿ ಶೇಂಗಾ ಕೂತ ಹಾಗೆ, ಎಲ್ಲಿದ್ದವೋ ಅಲ್ಲೇ ಸಿಕ್ಕಿಬಿದ್ದಿವೆ. ತಾಮ್ರ ಹುಟ್ಟಿದೆ, ಕೆಳಗೆ ಇಳಿದಿಲ್ಲ.

ಅವ್ವ ಅದನ್ನು ನೋಡಿ, "ಇಷ್ಟು ತಾಮ್ರಕ್ಕ ಇಷ್ಟು ಇದ್ದಲಿ ಸುಟ್ಟಿಯೇನ? ಬಾಜಾರದಾಗ ಒಂದು ಲೋಟ ತರಬೇಕಿಲ್ಲೇನು?" ಅಂದಳು. ಹವ್ಯಾಸಿಗಳಿಗೆ ಮನೆಯವರು ಕೇಳಬಾರದ ಪ್ರಶ್ನೆ ಇದೊಂದೇ.

ಶಾಖ ಸಾಲುತ್ತಿಲ್ಲ ಅಂತ ನನ್ನ ಮೊದಲ ತರ್ಕ. ತಾಮ್ರ ಕರಗುವುದು 1,085 ಡಿಗ್ರಿಗೆ. ನನ್ನ ಕುಲುಮೆ ಅಲ್ಲಿಗೆ ಮುಟ್ಟಿದೆಯೋ ಇಲ್ಲವೋ ನೋಡಲು ಥರ್ಮೋಕಪಲ್ ತರಿಸಿದೆ. ಡಬ್ಬಿಯ ಮೇಲೆ 1,300 ಡಿಗ್ರಿವರೆಗೆ ಎಂದು ಅಚ್ಚಾಗಿತ್ತು. ಸಾವಿರ ದಾಟುತ್ತಿದ್ದ ಹಾಗೆ ಪ್ರಾಣ ಬಿಟ್ಟಿತು. ಅಂಗಡಿಯವನನ್ನು ಕೇಳಿದರೆ 'ಕಂಟಿನ್ಯೂಯಸ್ ಯೂಸ್‌ಗೆ ಅಲ್ಲ' ಅಂದ. ಹಾಗಾದರೆ ಆಗಾಗ ತೋರಿಸಿ ತೆಗೆಯಲು ಅದೇನು ಆರತಿಯೇ?

ಸರಿ ಎಂದು ಹುಬ್ಬಳ್ಳಿಯ ಗುಜರಿಯಿಂದ ದೊಡ್ಡ ಫ್ಯಾನ್ ತಂದೆ. ನಾಲ್ಕನೇ ಸಲಕ್ಕೆ ಕುಲುಮೆ ಬಿಳಿ ಬೆಂಕಿ ಕಾರಿತು. ಕಿಟ್ಟ ಒಡೆದು ನೋಡಿದೆ. ಕುಂಕುಮದಂಥ ಕೆಂಪು! ನಾನು ಮೂರ್ಖ, ಕುಣಿದುಬಿಟ್ಟೆ, ತಾಮ್ರದ ಬಣ್ಣವೇ ಬಂತು ಅಂತ. ಅದು ತಾಮ್ರವಲ್ಲ, ತಾಮ್ರದ ಆಕ್ಸೈಡ್ ಕರಗಿದ ಗಾಜು. ಫ್ಯಾನಿನ ಗಾಳಿ ನೇರ ಮೂಸೆಯ ಬಾಯಿಗೆ ಬೀಳುತ್ತಿತ್ತು. ಇದ್ದಲು ಬಿಡಿಸಿಕೊಟ್ಟ ತಾಮ್ರವನ್ನು ಗಾಳಿ ಮತ್ತೆ ಆಕ್ಸೈಡ್ ಮಾಡಿ ಗಾಜಿಗೆ ಉಣಿಸುತ್ತಿತ್ತು. ಜಾಸ್ತಿ ಊದಿದಷ್ಟೂ ತಾಮ್ರ ಕಮ್ಮಿ. ಗಾಳಿಯ ಕೊಳವೆಯನ್ನು ಮೂಸೆಯ ಕೆಳಗೆ ತಿರುಗಿಸಿ, ಬಾಯಿಗೆ ಮುಚ್ಚಳ ಕೊಟ್ಟ ಮೇಲೆ ಕೆಂಪು ಹೋಯಿತು. ಹನಿಗಳು ಮಾತ್ರ ಚಿಕ್ಕಿಯಲ್ಲೇ ಉಳಿದವು.

ಐದನೇ ಸಲ ಸುಣ್ಣ ಹಾಕಿದೆ, ಇನ್ನೂ ಗಟ್ಟಿಯಾಯಿತು. ಆರನೇ ಸಲ ನಡುವೆ ಧಾರವಾಡದ ಮಳೆ. ಅದರ ಬಗ್ಗೆ ಬರೆಯುವುದೇ ಬೇಡ.

ಈ ಆರನೇ ಸೋಲಿನ ಮಾರನೇ ದಿನ ಮನಸ್ಸು ಬೇರೆ ಕಡೆ ಓಡಿತು. ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತದೆ. ಮುಂದಿನ ಪ್ರಾಜೆಕ್ಟು ತಾಮ್ರಪಟ. ನಾನೇ ತೆಗೆದ ತಾಮ್ರವನ್ನು ಬಡಿದು ಅಂಗೈಯಗಲದ ಮೂರು ಹಾಳೆ ಮಾಡುವುದು, ಎಡಗಡೆ ತೂತು ಕೊರೆದು ಬಳೆ ಹಾಕುವುದು, ಬಳೆಗೆ ಚಾಲುಕ್ಯರ ಹಾಗೆ ವರಾಹದ ಮುದ್ರೆ. ಅಂಚು ಸ್ವಲ್ಪ ಎತ್ತರಿಸಿ ಬಡಿದರೆ ಒಳಗಿನ ಅಕ್ಷರ ಸವೆಯುವುದಿಲ್ಲ, ಹಳೆಯ ಪಟಗಳಲ್ಲಿ ಹಾಗೇ ಇರುತ್ತದೆ. ಲಿಪಿ ಅಭ್ಯಾಸ ಈಗಲೇ ಶುರು ಮಾಡಿದ್ದೇನೆ, ಡಾಲ್ಡಾ ಡಬ್ಬಿಯ ತಗಡಿನ ಮೇಲೆ. ಕೊನೆಯಲ್ಲಿ ಶಾಪದ ಸಾಲು ಇರಲೇಬೇಕಲ್ಲ. ದತ್ತಿ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ ಬರೆಯುತ್ತಿದ್ದರು. ನನ್ನದರಲ್ಲಿ ಅದು ಬಣ್ಣ ಹಚ್ಚಿದ ಕಲ್ಲು ಮಾರುವವನಿಗೆ ಅನ್ವಯಿಸುತ್ತದೆ. ಮೂರು ಹಾಳೆಗೆ ಒಂದು ಕಿಲೋ ಆದರೂ ಬೇಕು. ನೋಡೋಣ.

ಈಗ ಏಳನೇ ಸಲ. ಅವತ್ತು ಸುಮ್ಮನೆ ಕೋಪದಲ್ಲಿ ಕುಲುಮೆ ಹೊತ್ತಿಸಿದ್ದೆ. ಕಿಟ್ಟ ಗಟ್ಟಿಯಿದ್ದರೆ ಕಲಕಿಬಿಡೋಣ ಅಂತ ಹಿತ್ತಲಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಸರಳು ತೆಗೆದುಕೊಂಡೆ, ಮನೆ ಕಟ್ಟಿಸಿದಾಗ ಉಳಿದದ್ದು. ಮುಚ್ಚಳ ಸರಿಸಿ ಸರಳು ಇಳಿಸಿದೆ. ಹಳೆಯ ಅಂಟು ಬೆಲ್ಲದ ಪಾಕದ ಹಾಗೇ ಎಳೆಯಿತು. ಎರಡು ನಿಮಿಷ ಹಾಗೇ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಬೇಜಾರಾಗಿ ಸರಳನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಗಿರ್ಮಿಟ್ ತಿಂದೆ.

ಮರುದಿನ ಮೂಸೆ ಒಡೆದರೆ ಸರಳಿನ ತುದಿ ಕಿರುಬೆರಳಿನಷ್ಟು ತೆಳ್ಳಗಾಗಿತ್ತು. ಅದರ ಸುತ್ತ ಒಂದು ರೂಪಾಯಿ ಅಗಲದಷ್ಟು ಜಾಗದಲ್ಲಿ ಕಿಟ್ಟದ ಜಾತಿಯೇ ಬೇರೆ. ಉಳಿದದ್ದು ಬೂದು-ಹಸಿರು, ಗುಳ್ಳೆ ಗುಳ್ಳೆ. ಇದು ಅಪ್ಪಟ ಕಪ್ಪು, ನುಣುಪು, ಹರಿದು ನಿಂತ ಎಣ್ಣೆಯ ಹಾಗೆ. ಆ ಕಪ್ಪಿನೊಳಗೆ ಒಂದು ಹನಿಯೂ ಇಲ್ಲ. ಕೆಳಗೆ ನೋಡಿದರೆ ಸರಿಯಾಗಿ ಅದರ ಬುಡದಲ್ಲಿ ಹುಣಸೆ ಬೀಜದಷ್ಟು ತಾಮ್ರ ಒಟ್ಟಿಗೆ ಕೂತಿತ್ತು.

ಅದನ್ನು ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಬೆಣಚುಕಲ್ಲು ಕರಗಲು 1,700 ಡಿಗ್ರಿ ಬೇಕು. ನನ್ನ ಕುಲುಮೆಗೆ ಜನ್ಮದಲ್ಲಿ ಆಗದ ಮಾತು. ಅದೇ ಬೆಣಚುಕಲ್ಲಿಗೆ ಕಬ್ಬಿಣದ ಆಕ್ಸೈಡ್ ಕೂಡಿಸಿದರೆ ಎರಡೂ ಸೇರಿ ಫಯಲೈಟ್ ಅನ್ನುವ ಬೇರೆಯೇ ವಸ್ತು ಆಗಿ ಸುಮಾರು 1,200ಕ್ಕೇ ನೀರಾಗುತ್ತದೆ. ಕಿಟ್ಟ ನೀರಾದರೆ ತಾಮ್ರದ ಹನಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇದು ಪುಸ್ತಕದಲ್ಲಿ ಓದಿ ನನಗೂ ಗೊತ್ತಿದ್ದ ಸಂಗತಿಯೇ. ಆದರೆ ಅದು ದೊಡ್ಡ ಕಾರ್ಖಾನೆಗಳ ಮಾತು, ಹಸಿರು ಕಲ್ಲಿಗೆ ಬೇಡ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ನಿಜವಾಗಿ ತಲೆ ಚಚ್ಚಿಕೊಂಡದ್ದು ಆಮೇಲೆ. ಗುಡ್ಡದ ಮೇಲಿನ ಅದಿರು ಮಳೆಗೆ ಕೊಳೆಯುತ್ತದೆ, ತಾಮ್ರ ಕೆಳಗೆ ಜಾರುತ್ತದೆ ಅಂದೆನಲ್ಲ? ಹಾಗಾದರೆ ಅದರಲ್ಲಿದ್ದ ಕಬ್ಬಿಣ ಎಲ್ಲಿ ಹೋಯಿತು? ಎಲ್ಲೂ ಹೋಗುವುದಿಲ್ಲ. ತುಕ್ಕಾಗಿ ಅಲ್ಲೇ ಮೇಲೆ ನಿಲ್ಲುತ್ತದೆ, ಜೇನುಗೂಡಿನಂಥ ಕಂದು ಕಲ್ಲಾಗಿ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಯವರು ಅದನ್ನು ಗಾಸನ್ ಅಂದರು, ಜರ್ಮನ್ನರು ಕಬ್ಬಿಣದ ಟೋಪಿ ಅಂದರು. ಕೆಳಗೆ ತಾಮ್ರ ಇದೆ ಎಂಬ ಗುರುತು ಅಂತ ಅದರ ಬಗ್ಗೆ ಓದಿದ್ದೆ. ಗುರುತು ನೋಡಿ, ಪಕ್ಕಕ್ಕೆ ಎಸೆದು, ಕೆಳಗಿನ ಹಸಿರು ಅಗೆಯುತ್ತಾರೆ ಅಂತಲೇ ನನ್ನ ಕಲ್ಪನೆ. ಎಸೆಯುವುದೇಕೆ! ಕುಲುಮೆಗೆ ಬೇಕಾದ ಕಬ್ಬಿಣ ಅದೇ ಗುಡ್ಡದ ನೆತ್ತಿಯ ಮೇಲೇ ಕೂತಿದೆ. ಇಸ್ರೇಲಿನ ತಿಮ್ನಾ ಕಣಿವೆಯಲ್ಲಿ 3,000 ವರ್ಷದ ಹಿಂದೆ ತಾಮ್ರ ಕಾಸಿದವರು ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡುಗಳನ್ನು ಬೇಕೆಂದೇ ಬೆರೆಸುತ್ತಿದ್ದರು. ಅಲ್ಲಿನ ಕಪ್ಪು ಕಿಟ್ಟದ ರಾಶಿಗಳೇ ಸಾಕ್ಷಿ. ಗುಡ್ಡದಲ್ಲೇ ಕೆಲಸ ಮಾಡುವವನಿಗೆ ಅಗೆಯುವಾಗ ಮೊದಲು ಕೈಗೆ ಬರುವುದೇ ತುಕ್ಕುಗಲ್ಲು. ಹಸಿರು ಅದರ ಕೆಳಗೆ. ಎರಡೂ ಒಂದೇ ಬುಟ್ಟಿಗೆ ಬೀಳುತ್ತವೆ. ನಾನು ಆನ್‌ಲೈನ್‌ನಲ್ಲಿ ಹಸಿರನ್ನಷ್ಟೇ ಆರಿಸಿ ತರಿಸಿಕೊಂಡವನು. ಅಂಗಡಿಯವನು 'ನೀಟಾಗಿ ಕ್ಲೀನ್ ಮಾಡಿದ ಪೀಸ್' ಎಂದು ಅದಕ್ಕೆ ಜಾಸ್ತಿ ದುಡ್ಡು ಬೇರೆ ತಗೊಂಡಿದ್ದ.

ಲೆಕ್ಕಕ್ಕೆ ಕೂತೆ. 10 ಗ್ರಾಂ ಅದಿರು ಪುಡಿ ಮಾಡಿ ಆಸಿಡ್‌ಗೆ ಹಾಕಿದೆ. ಹಸಿರೆಲ್ಲ ಕರಗಿ 6.2 ಗ್ರಾಂ ಬಿಳಿ ಮರಳು ಉಳಿಯಿತು. ಅಂದರೆ 200 ಗ್ರಾಂನಲ್ಲಿ 124 ಗ್ರಾಂ ಬೆಣಚುಕಲ್ಲೇ. ಫಯಲೈಟ್ ಆಗಲು ಒಂದು ಪಾಲು ಬೆಣಚುಕಲ್ಲಿಗೆ ತೂಕದಲ್ಲಿ ಸುಮಾರು 2.4 ಪಾಲು ಕಬ್ಬಿಣದ ಆಕ್ಸೈಡ್ ಬೇಕು. 124ಕ್ಕೆ 300 ಗ್ರಾಂ! ಅದಿರಿಗಿಂತ ಒಗ್ಗರಣೆಯೇ ಹೆಚ್ಚು.

ಹಾಗಾಗಿ ಮೊದಲು ತೊಳೆದು ಬೆಣಚುಕಲ್ಲು ಕಮ್ಮಿ ಮಾಡಬೇಕು. ಸೊರಟೂರಿನ ಹಳ್ಳದಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ಹಿಡಿಯುತ್ತಿದ್ದರಲ್ಲ, ಅದೇ ಉಪಾಯ. ಮ್ಯಾಲಕೈಟ್ ನೀರಿಗಿಂತ 4 ಪಟ್ಟು ಭಾರ, ಬೆಣಚುಕಲ್ಲು 2.65. ಚಿನ್ನದಷ್ಟು ಅಂತರ ಇಲ್ಲ, ಆದರೂ ಅಗಲ ತಾಟಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಬೇರೆಯಾಗುತ್ತದೆ. ಒಂದು ಎಚ್ಚರಿಕೆ: ತೀರಾ ನುಣ್ಣಗೆ ಕುಟ್ಟಬೇಡಿ. ಮ್ಯಾಲಕೈಟ್ ಮೆದು, ಬೆಣಚುಕಲ್ಲು ಗಟ್ಟಿ. ಕುಟ್ಟುತ್ತಾ ಹೋದರೆ ಹಸಿರೆಲ್ಲ ಹಿಟ್ಟಾಗಿ ನೀರಿನ ಜೊತೆ ಹೋಗಿಬಿಡುತ್ತದೆ. ಹಾಗೆ ನಾನು ಕಳೆದುಕೊಂಡ ನೀರು ಅರ್ಧ ಬಕೆಟ್. ಹಾನಗಲ್ಲಿನಲ್ಲಿ ಅಡಿಕೆ ತೋಟ ಇರುವ ಪಕ್ಕದ ಮನೆಯ ಕಾಕಾ ಕಾಂಪೌಂಡಿನಿಂದ ಇಣುಕಿ, "ತಮ್ಮಾ, ಮೈಲುತುತ್ತ ಕದಡೀಯೇನ? ನಮ್ಮ ತ್ವಾಟಕ್ಕೂ ಒಂದ್ ಬಕೀಟ ಕೊಡ" ಅಂದರು. ಬಣ್ಣ ನೋಡಿದರೆ ಅವರ ತಪ್ಪಲ್ಲ ಬಿಡಿ.

ತುಕ್ಕುಗಲ್ಲಿಗೆ ಬದಲು ಕಮ್ಮಾರಸಾಲೆಯ ಪೊರೆ ಆರಿಸಿಕೊಂಡೆ. ಕಾದ ಕಬ್ಬಿಣ ಬಡಿದಾಗ ಅಡಿಗಲ್ಲಿನ ಸುತ್ತ ಉದುರುತ್ತದಲ್ಲ, ಆ ಕಪ್ಪು ಹೊಟ್ಟು. ಬಹುಪಾಲು ಕಬ್ಬಿಣದ ಆಕ್ಸೈಡೇ. ಊರ ಹೊರಗಿನ ಸಾಲೆಗೆ ಪ್ಲಾಸ್ಟಿಕ್ ಡಬ್ಬಿ ಹಿಡಿದು ಹೋದೆ. ಅಜ್ಜಾರು, "ಈ ಕಸ ಏನ್ ಮಾಡ್ತೀರಿ ಸರ್ರ? ಒಯ್ಯರಿ, ಒಯ್ಯರಿ" ಎಂದು ತಾವೇ ಗುಡಿಸಿ ತುಂಬಿಕೊಟ್ಟರು. ಒಂದು ವಾರ ಬಿಟ್ಟು ಮತ್ತೆ ಹೋದರೆ, "ಕಿಲೋಕ್ಕ ನಲವತ್ತು ರೂಪಾಯಿರಿ" ಅಂದರು. ಈ ಒಂದು ವಾರದಲ್ಲಿ ಮಾರುಕಟ್ಟೆ ಹುಟ್ಟಿಬಿಟ್ಟಿತ್ತು, ಗಿರಾಕಿ ನಾನೊಬ್ಬನೇ.

ಎಂಟನೇ ಸಲ ಖುಷಿಯಲ್ಲಿ ಪೊರೆ ಜಾಸ್ತಿ ಸುರಿದೆ. ಕಿಟ್ಟ ಚೆನ್ನಾಗಿಯೇ ನೀರಾಯಿತು. ಎಷ್ಟು ಚೆನ್ನಾಗಿ ಅಂದರೆ, ಅದಿರಿನ ಬೆಣಚುಕಲ್ಲು ತಿಂದು ಮುಗಿಸಿ, ಸಾಲದೆ ಮೂಸೆಯ ಮಣ್ಣನ್ನೂ ತಿಂದಿತು. ಬೆಣಚುಕಲ್ಲು ಅಂದರೆ ಸಿಲಿಕಾ, ಮಣ್ಣಿನಲ್ಲೂ ಅದೇ ಸಿಲಿಕಾ ತಾನೇ ಇರುವುದು. ತಳ ತೂತಾಗಿ ಎಲ್ಲ ಕುಲುಮೆಯ ಬೂದಿಗೆ ಇಳಿಯಿತು. ಬೂದಿ ಜರಡಿ ಹಿಡಿದು 14 ಗ್ರಾಂ ಆರಿಸಿದೆ.

ಒಂಬತ್ತನೆಯದಕ್ಕೆ ಮೂಸೆಯ ತಳ ಎರಡು ಬೆರಳು ದಪ್ಪ. ತೊಳೆದ ಅದಿರು 200 ಗ್ರಾಂ, ಅದರಲ್ಲಿ ಬೆಣಚುಕಲ್ಲು ಈಗ 50 ಗ್ರಾಂ ಅಷ್ಟೇ. ಪೊರೆ 120 ಗ್ರಾಂ. ಇದ್ದಲ ಪುಡಿ, ಮುಚ್ಚಳ. ಗಾಳಿ ಕೆಳಗಿನಿಂದ, ಹದವಾಗಿ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಚ್ಚಳ ಸರಿಸಿ ಸರಳು ಅದ್ದಿ ಎತ್ತಿದೆ. ಕಿಟ್ಟ ಸರಳಿಗೆ ತೆಳ್ಳಗೆ ಅಂಟಿ, ತುದಿಯಿಂದ ತೊಟ್ಟಿಕ್ಕಿತು. ಎಂಟು ತಿಂಗಳಲ್ಲಿ ಮೊದಲ ಸಲ ತೊಟ್ಟಿಕ್ಕಿತು! ಇನ್ನೂ ಹದಿನೈದು ನಿಮಿಷ ಊದಿ ಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹಲ್ಲುಜ್ಜುವ ಮುಂಚೆ ಸುತ್ತಿಗೆ ಹಿಡಿದೆ.

150 ಗ್ರಾಂ ಮ್ಯಾಲಕೈಟ್‌ನಿಂದ ಬರಬೇಕಾದದ್ದು 86 ಗ್ರಾಂ. ಬಂದದ್ದು 61. ಉಳಿದ 25 ಗ್ರಾಂ ಎಲ್ಲಿದೆ ಅಂತ ಕಿಟ್ಟದ ಒಂದು ಚೂರನ್ನು ಈಗ ನೀರು ಹಾಕಿ ಉಜ್ಜುವ ಮರಳುಕಾಗದದಲ್ಲಿ ತಿಕ್ಕುತ್ತಿದ್ದೇನೆ. 2000 ನಂಬರಿನವರೆಗೆ ತಿಕ್ಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ತಿಳಿದೀತು.

ಇನ್ನು ಆ ತಕರಾರು. ತಾಮ್ರವನ್ನು ಕಾಕಾರಿಗೆ ತೋರಿಸಲು ಒಯ್ದೆ. ಅವರು ಕನ್ನಡಕ ಏರಿಸಿ ತಿರುಗಿಸಿ ನೋಡಿ ಮೆಚ್ಚಿದರು. ಮೊಮ್ಮಗಳು ಫ್ರಿಜ್ ಮೇಲಿನ ಗಣಪತಿ ಮ್ಯಾಗ್ನೆಟ್ ಕಿತ್ತು ತಂದು ಸುಮ್ನೆ ಅದಕ್ಕೆ ಮುಟ್ಟಿಸಿದಳು. ಗಣಪತಿ ಅಂಟಿಕೊಂಡ. ಗಟ್ಟಿಯಾಗಿ ಅಲ್ಲ, ಆದರೂ ಬೀಳಲಿಲ್ಲ.

"ತಾಮ್ರಕ್ಕ ಮ್ಯಾಗ್ನೆಟ್ ಹತ್ತತೈತೇನೋ ತಮ್ಮಾ?" ಅಂದರು ಕಾಕಾ.

ಹತ್ತುವುದಿಲ್ಲ. ಇದ್ದಲು ಪೊರೆಯ ಒಂದಿಷ್ಟು ಕಬ್ಬಿಣವನ್ನೂ ಬಿಡಿಸಿ ತಾಮ್ರದೊಳಗೆ ಸೇರಿಸಿಬಿಟ್ಟಿದೆ. ಮನೆಗೆ ಬಂದು ಅಂಚಿನಲ್ಲಿ ನಾಲ್ಕು ಪೆಟ್ಟು ಹಾಕಿದೆ, ನಾಲ್ಕನೆಯದಕ್ಕೆ ಸೀಳು ಬಿಟ್ಟಿತು. ತಾಮ್ರಪಟಕ್ಕೆ ಇದು ಆಗುವುದಿಲ್ಲ. ಇನ್ನೊಮ್ಮೆ ಕರಗಿಸಿ, ಈ ಸಲ ಬೇಕೆಂದೇ ಮೇಲಿಂದ ಗಾಳಿ ಕೊಟ್ಟು ಕಬ್ಬಿಣವನ್ನು ಸುಟ್ಟು ತೆಗೆಯಬೇಕು. ನಾಲ್ಕನೇ ಸಲ ತಪ್ಪಾಗಿ ಮಾಡಿದ ಕೆಲಸವೇ ಈಗ ಸರಿ. ಗುಜರಿಯ ದೊಡ್ಡ ಫ್ಯಾನನ್ನು ಅಟ್ಟದಿಂದ ಇಳಿಸಿದ್ದೇನೆ. ಭಾನುವಾರ ಮಳೆ ಇಲ್ಲದಿದ್ದರೆ ಹತ್ತನೇ ಸಲ.